ವಾರ್ಷಿಕ ವರದಿಯಲ್ಲಿ ನನ್ನದೊಂದು ಸಾಲು

ಸಾಧನೆ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ತಪಸ್ವಿಗಳು ಸಾಧನೆ ಮಾಡಲಿ, ಪೈಲ್ವಾನರು ಮಾಡಲಿ, ಯಾರು ಬೇಡವೆನ್ನುತ್ತಾರೆ? ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ, ಹುಡುಗರಿಗೆ ಬೇರು ಯಾವುದು ಕಾಂಡ ಯಾವುದು ಎಂದು ತೋರಿಸಿ ಹೊಟ್ಟೆ ಹೊರೆಯುವವನು ಏನು ಮಹಾ ಸಾಧಿಸಿಯಾನು? ಆದರೆ ಮದರಾಸು ಸರ್ಕಾರದ ಆ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ (ಹೆಸರು ಬೇಡ, ಅದರ ಉಪ್ಪು ತಿಂದಿದ್ದೇನೆ) ವರ್ಷಕ್ಕೊಮ್ಮೆ ಎಲ್ಲರ ಮೇಜಿಗೂ ಒಂದು ಹಾಳೆ ಬರುತ್ತಿತ್ತು: ‘ಅಧ್ಯಾಪಕರ ಈ ವರ್ಷದ ಸಾಧನೆಗಳು ಮತ್ತು ಚಟುವಟಿಕೆಗಳು.’ ಕೆಳಗೆ ಒಂದು ಗೇಣು ಖಾಲಿ ಜಾಗ. ತುಂಬಿಸಿ ಕೊಟ್ಟದ್ದನ್ನೆಲ್ಲ ಸೇರಿಸಿ ಪ್ರಿನ್ಸಿಪಾಲರು ಕಾಲೇಜು ದಿನದಂದು ಸಭೆಗೆ ಓದಿ ಹೇಳುತ್ತಿದ್ದರು.

ಆ ಒಂದು ಗೇಣನ್ನು ತುಂಬುವುದೇ ಒಂದು ವಿದ್ಯೆ. ನಮ್ಮ ಇತಿಹಾಸದ ಮೇಷ್ಟ್ರು ಒಮ್ಮೆ ರಾಯದುರ್ಗದ ಬೆಟ್ಟ ಹತ್ತಿ ಬಂದು ‘ಸ್ಥಳ ಸಂಶೋಧನೆ’ ಎಂದು ಬರೆದರು. ರಾಯದುರ್ಗ ನನ್ನ ಹೆಂಡತಿಯ ತವರು, ಹಾಗಾಗಿ ದಾರಿ ತೋರಿಸಲು ನಾನೂ ಹೋಗಿದ್ದೆ. ಅರ್ಧ ಬೆಟ್ಟದಲ್ಲಿ ಬಂಡೆಯ ನೆರಳಿಗೆ ಕೂತು ಇಬ್ಬರೂ ಒಂದು ಸೇರು ಮಂಡಕ್ಕಿ ಮುಗಿಸಿದ್ದಕ್ಕಿಂತ ಹೆಚ್ಚಿನ ಸಂಶೋಧನೆ ಅಲ್ಲಿ ನಡೆದದ್ದು ನನಗೆ ನೆನಪಿಲ್ಲ. ಆದರೂ ವರದಿಯಲ್ಲಿ ಕೇಳುವಾಗ ಮೈ ಜುಮ್ಮೆಂದಿತು.

ನಾನು ಮಾತ್ರ ಮೂರು ವರ್ಷ ‘ಏನೂ ಇಲ್ಲ’ ಎಂದೇ ಬರೆದೆ. ಪ್ರಾಮಾಣಿಕ ಎಂದು ತಿಳಿದುಬಿಟ್ಟೀರಿ! ಬರೀ ಸೋಮಾರಿತನ. ನಾಲ್ಕನೆಯ ವರ್ಷದ ಶ್ರಾವಣದಲ್ಲಿ ಪ್ರಿನ್ಸಿಪಾಲರು ಕರೆಸಿದರು. ಕುಂಭಕೋಣದ ಕಡೆಯವರು, ಕನ್ನಡ ಬಾರದು, ಇಂಗ್ಲಿಷಿನಲ್ಲಿ ಬಲು ಮೆಲ್ಲಗೆ ಬೈಯುವವರು. “ನಿಮ್ಮ ನೌಕರಿ ಇನ್ನೂ ಹಂಗಾಮಿ. ಈ ಸಲವೂ ಹಾಳೆ ಖಾಲಿ ಬಂದರೆ ಖಾಯಂ ಮಾಡಿ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ? ಬೇರೆ ಕೆಲಸ ನೋಡಿಕೊಳ್ಳಬೇಕಾದೀತು” ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ಅದಕ್ಯಾಕ ಮಾರಿ ಸಣ್ಣದು ಮಾಡ್ಕೊಂಡೀರಿ? ಯಾವುದಾರ ಊರಿಗೆ ಹೋಗಿ ಭಾಷಣ ಮಾಡ್ರಿ. ಮನ್ಯಾಗ ದಿನಾ ಮಾಡ್ತೀರಲ್ಲ!”

“ಕೇಳೋರು ಬೇಕಲ್ಲೇ.”

“ನಾನೂ ಕೇಳಂಗಿಲ್ರಿ. ಹಂಗಂತ ಬಿಟ್ಟೀರೇನು?”

ಹೀಗೆ ನಿಶ್ಚಯವಾದದ್ದು ಮಡಕಶಿರದ ಉಪನ್ಯಾಸ. ‘ಸಸ್ಯಗಳ ರೋಗಗಳು’ ಎಂದು ವಿಷಯ ಕೊಟ್ಟೆ. ಇದ್ದಲಿನ ಹೊಗೆಯ ಮೇಲೆ ಓಡುವ ಯುದ್ಧಕಾಲದ ಬಸ್ಸು, ಮಡಿಲಲ್ಲಿ ಸೂಕ್ಷ್ಮದರ್ಶಕ, ಪಕ್ಕದಲ್ಲಿ ನಮ್ಮ ಲ್ಯಾಬಿನ ಅಟೆಂಡರ್ ಈರಪ್ಪನವರು. ಆಗ ನಾವೆಲ್ಲ ಅವರನ್ನು ‘ಈರಪ್ಪ, ಬಾರೋ’ ಎಂದೇ ಕರೆಯುತ್ತಿದ್ದೆವು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಈಗ ಏಕವಚನ ಬರೆಯಲು ಕೈ ಒಪ್ಪುವುದಿಲ್ಲ. ಮಡಕಶಿರಕ್ಕೆ ಹತ್ತಿರದ ಗುಡಿಬಂಡೆ ಪಕ್ಕದ ಹಳ್ಳಿಯವರಾದ್ದರಿಂದ ಊರಿಗೆ ಹೋಗಿಬಂದಂತಾಗುತ್ತದೆ ಎಂದು ಹೊರಟಿದ್ದರು.

ಮಡಕಶಿರದ ಶಾಲೆಯ ಹಜಾರದಲ್ಲಿ ರೈತರು, ಕಳ್ಳೇಕಾಯಿ ಮಂಡಿಯವರು ಒಳ್ಳೆಯ ಸಂಖ್ಯೆಯಲ್ಲೇ ಸೇರಿದ್ದರು. ನಾನು ವಿಲಾಯಿತಿಯಿಂದ ಬಂದ ಸ್ಲೈಡುಗಳ ಪೆಟ್ಟಿಗೆ ತೆರೆದೆ. ಯುರೋಪಿನ ಗೋಧಿಗೆ ಹತ್ತುವ ತುಕ್ಕುರೋಗ, ಆ ತುಕ್ಕು ಇನ್ಯಾವುದೋ ಮುಳ್ಳುಗಿಡದ ಎಲೆಯ ಮೇಲೆ ನಡೆಸುವ ಸಂಸಾರ, ಇದನ್ನೆಲ್ಲ ಅರ್ಧ ಗಂಟೆ ವರ್ಣಿಸಿದೆ. ಆ ಗಿಡವನ್ನು ಅವರೂ ಕಂಡವರಲ್ಲ, ನಾನೂ ಕಂಡವನಲ್ಲ. ಕೊನೆಗೆ ಮುಂದೆ ಕೂತಿದ್ದ ಒಬ್ಬ ಮುದುಕ ಗೌಡರು ಎದ್ದರು.

“ಸ್ವಾಮಿ, ಆ ಗಿಡ ನಮ್ ಸೀಮೆನಾಗಿಲ್ಲ. ನಮ್ ಕಳ್ಳೇಕಾಯಿ ಎಲೆ ಮ್ಯಾಲೆ ಕರೀ ಚುಕ್ಕಿ ಬಿದ್ದು, ಗಿಡ ಬೋಳಾಗ್ತೈತೆ. ಅದೇನು ಅಂತ ಒಸಿ ಹೇಳಿ.”

ನಾನು ಪೆಟ್ಟಿಗೆಯೊಳಗೆ ಹುಡುಕಿದೆ, ನೋಡಿ! ಹುಡುಕಿದೆ! ಸಮುದ್ರ ದಾಟಿ ಬಂದ ಆ ಪೆಟ್ಟಿಗೆಯಲ್ಲಿ ಕಳ್ಳೇಕಾಯಿ ಎಲೆ ಎಲ್ಲಿಂದ ಬರಬೇಕು? ಶಾಲೆಯ ಗೋಡೆಗೆ ಆತುಕೊಂಡೇ ಎರಡು ಎಕರೆ ಕಳ್ಳೇಕಾಯಿ ಹಬ್ಬಿತ್ತು. ಅದರತ್ತ ಕತ್ತು ತಿರುಗಿಸಬೇಕೆಂದು ಹೊಳೆಯದಿರುವುದಕ್ಕೆ ಮನುಷ್ಯ ಕಾಲೇಜಿನಲ್ಲಿ ಏಳೆಂಟು ವರ್ಷ ಓದಿರಬೇಕು.

ಈರಪ್ಪನವರು ಸದ್ದಿಲ್ಲದೆ ಹೊರಗೆ ಹೋಗಿ ಒಂದು ಎಲೆ ಕಿತ್ತು ತಂದರು. ಲ್ಯಾಬಿನ ಚೀಲದಲ್ಲಿ ತಂದಿದ್ದ ಮೂಲಂಗಿಯೊಂದನ್ನು ಸೀಳಿ, ಎಲೆಯನ್ನು ನಡುವೆ ಸಿಕ್ಕಿಸಿ, ಕ್ಷೌರದ ಕತ್ತಿಯಿಂದ ನೀರಿನ ತಟ್ಟೆಯೊಳಕ್ಕೆ ಸರಸರನೆ ಕೊಯ್ದರು. ತೆಳುವೆಂದರೆ, ನೀರಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಪರೀಕ್ಷೆಯ ದಿನ ಹುಡುಗರು ದಪ್ಪ ದಪ್ಪ ಕೊಯ್ದು ಕಂಗಾಲಾದಾಗ ಅವರ ತಟ್ಟೆಗೆ ಇಂಥ ತುಣುಕುಗಳು ಹೇಗೋ ಬಂದು ಬೀಳುತ್ತಿದ್ದವು. ನಾನು ಅದೇ ಕಾಲೇಜಿನಲ್ಲಿ ಓದುತ್ತಿದ್ದಾಗ ನನ್ನ ತಟ್ಟೆಗೂ ಬಿದ್ದಿದ್ದವು, ಸುಳ್ಳು ಯಾಕೆ ಹೇಳಲಿ. ಒಂದು ತುಣುಕನ್ನು ಗಾಜಿಗೇರಿಸಿ, ಕೆಳಗಿನ ಕನ್ನಡಿಯನ್ನು ಸುಣ್ಣದ ಗೋಡೆಯ ಬೆಳಕಿಗೆ ತಿರುಗಿಸಿದರು.

“ಬನ್ನಿ ಗೌಡ್ರೆ. ಒಂದ್ ಕಣ್ಣಾಗ್ ನೋಡಿ.”

ಗೌಡರು ಬಗ್ಗಿದರು. “ಅಯ್ಯಯ್ಯಪ್ಪಾ! ಎಲೆ ಮ್ಯಾಲೆ ಕಾಡೇ ಬೆಳ್ದೈತಲ್ಲೋ!”

“ಅದೇ ಬೂಜು. ಉದುರಿದ ಎಲೆನಾಗೆ ಕುಂತಿದ್ದು, ಮುಂದ್ಲ ವರ್ಷ ಅಲ್ಲಿಂದ್ಲೇ ಎದ್ದು ಬತ್ತೈತೆ. ಬಿದ್ದ ಎಲೆ ಗುಡಿಸಿ ಸುಟ್ಟಾಕಿ. ವರ್ಷಾ ವರ್ಷಾ ಅದೇ ಹೊಲಕ್ಕೆ ಕಳ್ಳೇಕಾಯೇ ಹಾಕ್ಬೇಡಿ.”

“ಚದುವಂಟೇ ಇದಿ ಕದಯ್ಯಾ!” ಎಂದು ಮಂಡಿಯ ಶೆಟ್ಟರು ತೆಲುಗಿನಲ್ಲಿ ಉದ್ಗರಿಸಿದರು, ಓದು ಅಂದರೆ ಇದಲ್ಲವೇ ಎಂದು. ಆಮೇಲೆ ಸಾಲು ನೋಡಬೇಕಿತ್ತು! ಊಟದ ಹೊತ್ತು ಮೀರಿದರೂ ಒಬ್ಬರೂ ಕದಲಲಿಲ್ಲ. ಮನೆಗೆ ಓಡಿ ಹಿಪ್ಪುನೇರಳೆ ಎಲೆ ತಂದರು, ಬದನೆ ಎಲೆ ತಂದರು. ಒಬ್ಬರಂತೂ ಮೀಸೆಯ ಕೂದಲನ್ನೇ ಕಿತ್ತು ಈರಪ್ಪನವರ ಕೈಗಿಟ್ಟರು. ನನ್ನ ಕೆಲಸ ಸಾಲು ನೇರ ಮಾಡುವುದು, ತಟ್ಟೆಗೆ ನೀರು ಹಾಕುವುದು. ಅಷ್ಟು ಖುಷಿಯಾಗಿ ನಾನು ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹಾಳೆ ಬಂತು. ‘ಮಡಕಶಿರದಲ್ಲಿ ಉಪನ್ಯಾಸ’ ಎಂದು ಬರೆದರೆ ಮುಗಿಯಿತು, ನೌಕರಿ ಖಾಯಂ. ಸುಳ್ಳೂ ಅಲ್ಲ, ಅರ್ಧ ಗಂಟೆ ಮಾತಾಡಿದ್ದೆನಲ್ಲ! ಅಟೆಂಡರುಗಳಿಗೆ ಇಂಥ ಹಾಳೆ ಕೊಡುವ ಪದ್ಧತಿಯೇ ಇರಲಿಲ್ಲ. ಆದರೆ ಲೇಖನಿ ಎತ್ತಿದಾಗ ಹಳೆಯ ಶಿಲಾಶಾಸನಗಳು ನೆನಪಾದವು. ಇಪ್ಪತ್ತು ಸಾಲು ರಾಜನ ಬಿರುದು, ಅವನ ತಾತನ ಬಿರುದು. ಎಲ್ಲ ಮುಗಿದ ಮೇಲೆ ಎಷ್ಟೋ ಕಡೆ ಒಂದು ಮೂಲೆಯಲ್ಲಿ, ಕಲ್ಲು ಕೆತ್ತಿದವನ ಹೆಸರು. ರಾಜರಿಗೇ ಅಷ್ಟು ದೊಡ್ಡ ಮನಸ್ಸಿತ್ತು, ನಾನು ಯಾವೂರ ದೊಣ್ಣೆನಾಯಕ? ‘ಉಪನ್ಯಾಸ ಕೊಟ್ಟವರು ಈರಪ್ಪನವರು. ನಾನು ತಟ್ಟೆಗೆ ನೀರು ಹಾಕಿದೆ’ ಎಂದು ಬರೆದು ಕೊಟ್ಟುಬಿಟ್ಟೆ.

ಶೌರ್ಯವೆಲ್ಲ ಮನೆ ಮುಟ್ಟುವ ಹೊತ್ತಿಗೆ ಇಳಿದುಹೋಗಿತ್ತು. “ಹೋದ್ರ ಹೋತು ಬಿಡ್ರಿ” ಎಂದಳು ಹೆಂಡತಿ. “ರಾಯದುರ್ಗದಾಗ ನಮ್ಮಪ್ಪನ ಅಂಗಡಿ ಐತಿ. ಪೊಟ್ಟಣ ಕಟ್ಟಾಕ ಬರ್ತದಲ್ಲ ನಿಮಗ?” ಬರುತ್ತಿರಲಿಲ್ಲ. ಅವತ್ತಿನಿಂದ ಹಳೆಯ ಪತ್ರಿಕೆಗಳಲ್ಲಿ ಕಟ್ಟಿ ಕಲಿಯತೊಡಗಿದೆ.

ಕಾಲೇಜು ದಿನ ಬಂತು. ಪ್ರಿನ್ಸಿಪಾಲರು ವೇದಿಕೆಯ ಮೇಲೆ ನಿಂತು ಒಂದೊಂದೇ ವಿಭಾಗ ಓದುತ್ತ ಬಂದರು. ಸಸ್ಯಶಾಸ್ತ್ರ ಬಂದಾಗ ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ ಓದಿದರು: “ಮಡಕಶಿರದಲ್ಲಿ ಕಡಲೆಕಾಯಿ ರೋಗದ ಬಗ್ಗೆ ಶ್ರೀ ಈರಪ್ಪನವರಿಂದ ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸ.” ಆಮೇಲೆ ನನ್ನ ಹೆಸರು ಹೇಳಿ, “ಇವರು ಸಹಾಯ ಮಾಡಿದರು.”

ಸಭಾಂಗಣದ ಹಿಂದುಗಡೆ ಬೆಂಚು ಎಳೆದು ಹಾಕುತ್ತಿದ್ದ ಈರಪ್ಪನವರಿಗೆ ಇಂಗ್ಲಿಷ್ ಬಾರದು, ಕಿವಿಗೆ ಬಿದ್ದದ್ದು ಅವರ ಹೆಸರೊಂದೇ. ಇಪ್ಪತ್ತಾರು ವರ್ಷದಲ್ಲಿ ಆ ಕಾಲೇಜಿನ ಒಂದೇ ಒಂದು ಪುಸ್ತಕದಲ್ಲಿ ಅವರ ಹೆಸರು ದಾಖಲಾಗುತ್ತಿತ್ತು: ಲ್ಯಾಬಿನಲ್ಲಿ ಒಡೆದ ಗಾಜಿನ ಸಾಮಾನಿನ ರಿಜಿಸ್ಟರು. ಪಾಪ, ಬೆಂಚು ಬಿಟ್ಟು, ಹೆಗಲ ವಸ್ತ್ರ ತೆಗೆದು, ಏದುಸಿರು ಬಿಡುತ್ತ ವೇದಿಕೆಯ ಬಳಿಗೆ ಓಡಿಬಂದರು.

“ಏನ್ ಒಡೆದೋಯ್ತು ಸ್ವಾಮಿ?”

ನಕ್ಕವರೆಷ್ಟೋ, ಕಣ್ಣೊರೆಸಿಕೊಂಡವರೆಷ್ಟೋ. ನಾನು ಎರಡನ್ನೂ ಮಾಡಿದೆ. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು, ನಾನು ಎದ್ದು ಹೋಗಿ ಈರಪ್ಪನವರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಾಗದ ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಬಂದು ಈರಪ್ಪನವರ ಬೆವರಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮುಂದಿನ ತಿಂಗಳು ನನ್ನ ಖಾಯಂ ಆದೇಶ ಬಂತು. ಶಿಫಾರಸಿನ ನಕಲನ್ನು ಗುಮಾಸ್ತರು ಗುಟ್ಟಾಗಿ ತೋರಿಸಿದರು. ನನ್ನ ಅರ್ಹತೆಯ ಮುಂದೆ ಪ್ರಿನ್ಸಿಪಾಲರು ಬರೆದದ್ದು ಒಂದೇ ಮಾತು: ‘ಚೆನ್ನಾಗಿ ಸಹಾಯ ಮಾಡುತ್ತಾರೆ.’ ಆಮೇಲೆ ನನ್ನನ್ನು ಉದ್ದುದ್ದ ಹೊಗಳಿದವರಿದ್ದಾರೆ, ಹಾರ ಹಾಕಿದವರೂ ಇದ್ದಾರೆ. ಮನೆಯಲ್ಲಿ ನನ್ನಾಕೆ ಇವತ್ತಿಗೂ ಒಪ್ಪದಿರುವುದು ಮಾತ್ರ ಈ ಒಂದು ಹೊಗಳಿಕೆಯನ್ನೇ.