ತೊಳೆದು ಕೊಟ್ಟ ಕಿಲಿಮ್

ಒದ್ದೆ ಉಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಮಳೆಯಲ್ಲಿ ನೆನೆದ ಕುರಿಯ ವಾಸನೆ ಅದು, ಸ್ವಲ್ಪ ಹುಳಿ, ಸ್ವಲ್ಪ ಮಣ್ಣು. ಆಸ್ಟಿನ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಸ್ವೆಟರ್ ಹಿಂಡುವಾಗಲೆಲ್ಲ ಅದು ಬರುತ್ತದೆ, ಹಿಂದೆಯೇ ಚಿಕ್ಕವನಿದ್ದಾಗ ನಾವಿದ್ದ ಶುಗರ್ ಲ್ಯಾಂಡ್ ಊರಿನ ಮನೆಯ ಬಾತ್‌ಟಬ್ ಬರುತ್ತದೆ. ಟಬ್ಬಿನ ನೀರು ಕೆಂಪಗಿತ್ತು. ಅಕ್ಕ ನೀಲಿ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು; ಕೇಳಿ ತಿಳಿಯೋಣವೆಂದರೆ ಅಮ್ಮ ಈಗಿಲ್ಲ.

ನನಗಾಗ ಒಂಬತ್ತು. ಅಪ್ಪ ಬೆಳಿಗ್ಗೆಯೇ ಕಾರು ತೆಗೆದುಕೊಂಡು ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನ ಆಫೀಸಿಗೆ ಹೋದರೆ, ಡ್ರೈವಿಂಗ್ ಬಾರದ ಅಮ್ಮನಿಗೆ ಇದ್ದದ್ದು ಎದುರಿನ ನೆರ್ಮಿನ್ ಆಂಟಿಯ ಮನೆಯೊಂದೇ. ಅವರು ಟರ್ಕಿಯವರು. ಆ ಬೀದಿಯ ಎಲ್ಲ ಮನೆಗಳ ಗಂಜಿ ಬಣ್ಣದ ಕಾರ್ಪೆಟ್ಟೇ ಅವರಲ್ಲೂ ಇತ್ತು, ಆದರೆ ಅದರ ಮೇಲೆ ಕಿಲಿಮ್‌ಗಳಿದ್ದವು, ತೆಳುವಾಗಿ ನೇಯ್ದ ಉಣ್ಣೆಯ ಹಾಸುಗಳು. ಒಂದು ಸೋಫಾದ ಮುಂದೆ ಓರೆಯಾಗಿ, ಒಂದು ಸೋಫಾದ ಬೆನ್ನಿನ ಮೇಲೆ, ಒಂದು ಗೋಡೆಯಲ್ಲಿ. "ಜಮಖಾನಾನ ಗೋಡೆಗೆ ನೇತುಹಾಕೋರನ್ನ ಇಲ್ಲೇ ಕಣೋ ನೋಡಿದ್ದು" ಎಂದು ಅಮ್ಮ ನನಗೆ ಕನ್ನಡದಲ್ಲಿ ಹೇಳಿದರೆ, ಆಂಟಿ ಇಂಗ್ಲಿಷಿನಲ್ಲಿ, "ಏನು, ನನ್ನನ್ನ ಬೈತಿದ್ದಾಳಾ?" ಎಂದು ಕೇಳಿ ನನ್ನ ಕೈಗೆ ಚಹಾದ ಪುಟ್ಟ ಗಾಜಿನ ಲೋಟ ಕೊಡುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಅಮ್ಮ ಆ ಊರಿನಲ್ಲಿ ಬೇರೆಲ್ಲಾದರೂ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಗಸರು ಬರುವವರಿದ್ದರು. ಸೋಫಾದ ಮುಂದಿನ ಕಿಲಿಮನ್ನು ಆಂಟಿ ತಾವೇ ಸುತ್ತಿ ತಂದು ನಮ್ಮ ಹಾಲಿನಲ್ಲಿ ಹಾಸಿದರು. ದೂರ ನಿಂತು ನೋಡಿ, ಒಂದು ಮೂಲೆ ಎಳೆದು, "ಈಗ ಮನೆ ಅನ್ನಿಸ್ತಿದೆ" ಎಂದರು. ಅದು ಅವರ ತಾಯಿ ನೇಯ್ದದ್ದು. ಹಬ್ಬದ ಮರುದಿನ ಅದರ ಮೇಲೆ ಒಂದು ಚಿಟಿಕೆ ಕುಂಕುಮ ಬಿದ್ದಿತ್ತು, ಅಷ್ಟೇ. ಕೊಡವಿದ್ದರೆ ಹೋಗುತ್ತಿತ್ತು. ಆದರೆ ಅಮ್ಮನ ತವರಿನಲ್ಲಿ ಇಸಿದುಕೊಂಡ ಪಾತ್ರೆಯನ್ನು ಬೆಳಗದೆ, ಜಮಖಾನವನ್ನು ಒಗೆಯದೆ ಯಾರೂ ಹಿಂದಿರುಗಿಸುತ್ತಿರಲಿಲ್ಲ. "ಅಷ್ಟು ಜನ ಕೂತೆದ್ದಿದ್ದನ್ನ ಹಾಗೇ ಕೊಟ್ರೆ ಏನಂದ್ಕೋತಾರೆ?" ಎಂದು ಟಬ್ಬಿಗೆ ಬಿಸಿನೀರು ಬಿಟ್ಟು, ಸೋಪಿನ ಪುಡಿ ಸುರಿದು, ಸೀರೆ ಎತ್ತಿ ಕಟ್ಟಿ ತುಳಿದಳು. ಬಿಳಿ ಪಟ್ಟೆಗಳೊಳಗೆ ಬಣ್ಣ ಹರಿಯಿತು. ಒಣಗಿದಾಗ ಅಂಚುಗಳು ಮುದುಡಿಕೊಂಡಿದ್ದವು. ಅಮ್ಮ ಅತ್ತಳು ಎಂದು ಬರೆದರೆ ಸುಳ್ಳಾಗುತ್ತದೆ. ಟಬ್ಬಿನ ಅಂಚಿನ ಮೇಲೆ ಕೂತು, ಮುದುಡಿದ ಮೂಲೆಯನ್ನು ಎಳೆದೆಳೆದು ನೇರ ಮಾಡಲು ನೋಡಿದಳು.

"ನೀನೇ ಕೊಟ್ಟು ಬಾರೋ. ನಂಗೆ ಮುಖ ತೋರ್ಸಕ್ಕಾಗಲ್ಲ" ಎಂದಳು. "ಏನಂತಾರೆ, ಸರಿಯಾಗಿ ಕೇಳಿಸ್ಕೊಂಡು ಬಾ."

ಆಂಟಿ ಬಾಗಿಲಲ್ಲೇ ಸುರುಳಿ ಬಿಚ್ಚಿದರು. ಹರಿದ ಬಣ್ಣದ ಮೇಲೆ ತುಂಬ ಹೊತ್ತು ಬೆರಳಾಡಿಸಿದರು. ಆಮೇಲೆ ಅದನ್ನು ಮೊದಲಿದ್ದಲ್ಲೇ ಓರೆಯಾಗಿ ಹಾಸಿ, "ಅಮ್ಮನಿಗೆ ಹೇಳು, ಚಹಾ ಇಟ್ಟಿದ್ದೀನಿ, ಬಾ ಅಂತ" ಎಂದರು. ಅಷ್ಟು ಸ್ಪಷ್ಟವಾಗಿ ನೆನಪಿನಲ್ಲಿ ಉಳಿದ ಮಾತುಗಳನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಇದನ್ನು ನಂಬದಿರಲು ಆಗಿಲ್ಲ.

ಮನೆಗೆ ಬಂದಾಗ ಟಿವಿಯಲ್ಲಿ ಕಾರ್ಟೂನ್ ಶುರುವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ, "ಏನಂದ್ರೋ?" ಎಂದಳು.

ನಾನು ಟಿವಿಯಿಂದ ಕಣ್ಣು ತೆಗೆಯದೆ, "ನಥಿಂಗ್" ಎಂದೆ.

ಅಮ್ಮ ಮತ್ತೆ ಆ ರಸ್ತೆ ದಾಟಲಿಲ್ಲ. ಮುಂದಿನ ವರ್ಷ ನಾವು ಡಾಲಸ್ ಹತ್ತಿರದ ಮೆಕಿನ್ನಿಗೆ ಶಿಫ್ಟ್ ಆದೆವು. ಟ್ರಕ್ಕಿಗೆ ಸಾಮಾನು ಏರಿಸುವಾಗ ಎದುರು ಮನೆಯ ಬಾಗಿಲು ತೆರೆದೇ ಇತ್ತು. ಅಮ್ಮ ನಮಗಿಂತ ಮೊದಲೇ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದಳು.