ತನ್ನ ಭಾರಕ್ಕೆ ತಾನಿಳಿಯುವ ಚಕ್ರ

ಹ್ಯಾಂಗರಿನಲ್ಲಿ ಎಲ್ಲರೂ ಅವನನ್ನು ‘ಇನ್ನೊಂದ್ಸಲ’ ಎಂದೇ ಕರೆಯುತ್ತಿದ್ದರು. ಯಾರು ಯಾವ ಕೆಲಸ ಮುಗಿಸಿ ಕೈ ಒರೆಸಿಕೊಂಡರೂ ಅವನ ಬಾಯಿಂದ ಬರುವ ಮಾತು ಅದೊಂದೇ. ಮೂವತ್ತೊಂದು ವರ್ಷ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿ ಬಗ್ಗಿ ಸೊಂಟ ಬಿಲ್ಲಾಗಿತ್ತು.

ಅವತ್ತು ಬಿಡುವಿಲ್ಲದ ಆರನೆಯ ಪಾಳಿ. ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿದ್ದ ವಿಮಾನ ಸಂಜೆಗೆ ಹೊರಡಬೇಕು. ಉಳಿದದ್ದು ಒಂದೇ ಪರೀಕ್ಷೆ. ಚಕ್ರ ಇಳಿಸುವುದು ಎಣ್ಣೆಯ ಒತ್ತಡ. ಅದು ಆಕಾಶದಲ್ಲಿ ಕೈಕೊಟ್ಟರೆ ಪೈಲಟ್ ಒಂದು ಹಿಡಿಕೆ ಎಳೆಯಬೇಕು. ಕೊಕ್ಕೆ ಬಿಚ್ಚಿ, ಚಕ್ರ ತನ್ನ ಭಾರಕ್ಕೆ ತಾನೇ ಇಳಿದು, ಬೀಗ ಬಿದ್ದು ನೆಟ್ಟಗೆ ನಿಲ್ಲಬೇಕು. ಅದನ್ನು ನೆಲದ ಮೇಲೆ ಮಾಡಿ ನೋಡುವುದು ಅವನ ಕಸುಬು.

ಹಿಡಿಕೆ ಎಳೆದ. ಚಕ್ರದ ಮೂರೂ ಕಾಲು ಇಳಿದವು, ಬೀಗ ಬಿತ್ತೆಂದು ಪೈಲಟ್ ಕೋಣೆಯ ಮೂರೂ ದೀಪ ಹಸಿರಾದವು.

“ಮುಗೀತಲ್ಲ ಭಾವ, ಸಹಿ ಹಾಕಿ,” ಎಂದ ಪಾಳಿಯ ಮೇಲ್ವಿಚಾರಕ. ಅವನು ಇವನ ಷಡ್ಡಕ, ನಾದಿನಿಯ ಗಂಡ. “ಇವತ್ತಾದ್ರೂ ಹೊತ್ತಿರುವಾಗ ಮನೆಗೆ ಹೋಗಿ. ಅಕ್ಕ ನಿಮ್ಮ ಮುಖಾನೇ ಮರ್ತಿರ್ತಾಳೆ.”

“ಮರ್ತಿದ್ರೆ ಅವಳ ಪುಣ್ಯ,” ಎನ್ನುತ್ತ ಏಣಿ ಇಳಿದು ತಪಾಸಣೆಯ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದ. ಆಗ ಕಣ್ಣಿಗೆ ಬಿದ್ದದ್ದು ಎಣ್ಣೆಗೆ ಒತ್ತಡ ಕೊಡುವ ಪಂಪಿನ ಮಾಪಕದ ಮುಳ್ಳು. ಸೊನ್ನೆಗೆ ಇಳಿದಿರಲಿಲ್ಲ. ಪಂಪನ್ನೇನೋ ನಿಲ್ಲಿಸಿದ್ದ, ಕೊಳವೆಯಲ್ಲಿ ಉಳಿದ ಒತ್ತಡ ಬಿಡುವುದನ್ನು ಮರೆತಿದ್ದ. ಅಂದರೆ ಚಕ್ರ ತಾನಾಗಿ ಇಳಿದದ್ದಲ್ಲ, ತಳ್ಳಿಸಿಕೊಂಡು ಇಳಿದದ್ದು.

ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಇದೇ ತಪ್ಪಿಗೆ ಹೋದ ವರ್ಷ ತಾನೇ ಒಬ್ಬ ಮೆಕ್ಯಾನಿಕ್ಕನನ್ನು ಎಲ್ಲರೆದುರು ಜಾಡಿಸಿದ್ದ. ಆ ಮೆಕ್ಯಾನಿಕ್ ಅಲ್ಲೇ ನಿಂತು ಸ್ಪ್ಯಾನರ್ ಒರೆಸುತ್ತಿದ್ದ. ಸುಮ್ಮನೆ ಸಹಿ ಗೀಚಿದರೆ ಮೀಸೆ ಮಣ್ಣಾಗುವುದಿಲ್ಲ. ಮನೆಗೆ ಹೋಗಿ ಕಾಲು ಚಾಚಬಹುದು.

ಪೆನ್ನು ಮುಚ್ಚಿದ. “ಇನ್ನೊಂದ್ಸಲ.”

“ಅಯ್ಯೋ, ಮೂರೂ ಹಸಿರು ಬಂತಲ್ಲ ಭಾವ!”

“ಒತ್ತಡ ಬಿಟ್ಟಿರಲಿಲ್ಲ.”

“ಯಾರು?”

“ನಾನೇ ಕಣಯ್ಯ. ಡಂಗುರ ಹೊಡೆಸ್ಲಾ?”

“ಗುರುಗಳೇ,” ಮೆಕ್ಯಾನಿಕ್ ಬಿಡಲಿಲ್ಲ, “ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂದ್ರೆ ಇದೇನಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಅವನಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಚಕ್ರಗಳನ್ನು ಮೇಲೆತ್ತಿಸಿ, ಒತ್ತಡವನ್ನೆಲ್ಲ ಬಿಟ್ಟು, ಮುಳ್ಳು ಸೊನ್ನೆಗೆ ಬಂದದ್ದನ್ನು ಆ ಮೆಕ್ಯಾನಿಕ್ಕನಿಗೇ ತೋರಿಸಿ, ಕಂಬಿ ಹಿಡಿದು ಹಿಡಿದು ಏಣಿ ಹತ್ತಿದ. ಹಿಡಿಕೆ ಎಳೆದ.

ಎರಡು ದೀಪ ಹಸಿರಾದವು. ಮೂರನೆಯದು ಆಗಲಿಲ್ಲ. ಕೆಳಗೆ ಎಡಗಡೆಯ ಚಕ್ರದ ಕಾಲು ಇನ್ನೊಂದು ಗೇಣು ಇಳಿಯಲಾರದೆ ಅಲ್ಲೇ ತೂಗುತ್ತಿತ್ತು. ಕೀಲಿನ ಗ್ರೀಸು ಒಣಗಿ ಅಂಟಾಗಿತ್ತು.

ಸಂಜೆ ಈ ವಿಮಾನ ಹೊರಡುವುದಿಲ್ಲವೆಂದು ಹೇಳಲು ಷಡ್ಡಕ ಹಣೆ ಉಜ್ಜಿಕೊಳ್ಳುತ್ತ ಫೋನಿನ ಕಡೆ ನಡೆದ.

ಅವನು ಪುಸ್ತಕದಲ್ಲಿ ‘ಮೊದಲ ಪರೀಕ್ಷೆ ಲೆಕ್ಕಕ್ಕಿಲ್ಲ, ಒತ್ತಡ ಬಿಟ್ಟಿರಲಿಲ್ಲ, ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದ. ಆಮೇಲೆ ಚಕ್ರಕ್ಕೆ ಆಸರೆ ಕೊಡಿಸಿ, ಸ್ಪ್ಯಾನರಿಗೆ ಕೈ ಚಾಚಿದ.

ಮೆಕ್ಯಾನಿಕ್ ಕೊಡಲಿಲ್ಲ. “ಕೂತ್ಕೊಳ್ಳಿ ಗುರುಗಳೇ. ಕೀಲು ನಾನು ಬಿಚ್ತೀನಿ.”

ಬೇಡ ಎನ್ನಲು ಬಾಯಿ ತೆರೆದ, ಮೈ ಒಪ್ಪಲಿಲ್ಲ. ಸಲಕರಣೆಯ ಪೆಟ್ಟಿಗೆಯ ಮೇಲೆ ಕುಳಿತು, ಇನ್ನೊಬ್ಬನ ಕೈ ಕೆಲಸ ಮಾಡುವುದನ್ನು ನೋಡತೊಡಗಿದ.