ದೌಲಪ್ಪನ ಎಡಗಡೆ

ಸೂಪರ್ ಮಾರ್ಕೆಟ್ ಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ದೌಲಪ್ಪನಿಗೆ ಲಘು ಪಾರ್ಶ್ವವಾಯು ಬಡಿದು, ಕೈಕಾಲು ಉಳಿದು, ಎರಡೂ ಕಣ್ಣಿನ ನೋಟದ ಎಡಭಾಗ ಮಾತ್ರ ಹೋಯಿತು. "ಕಣ್ಣು ಛಲೋ ಅದಾವ್ರಿ, ಪೆಟ್ಟು ಬಿದ್ದದ್ದು ಮಿದುಳಿಗೆ. ಕಣ್ಣಿಗೆ ಎಡಕ್ಕ ಜಿಗಿಯೋದು ಕಲಸ್ರಿ," ಎಂದರು ಡಾಕ್ಟರು. ಕೈಬಿಟ್ಟುಹೋದ ಆ ಅರ್ಧ ರಾಜ್ಯವನ್ನು ಮರಳಿ ಗೆಲ್ಲಲು ದೌಲಪ್ಪ ಅಂದೇ ಯುದ್ಧ ಸಾರಿದ. ತನ್ನೂರು ಕಮಲಾಪುರದಿಂದ ಅಂಗಡಿಗೆ ಬರುವ ಬಸ್ಸಿನಲ್ಲಿ ಬಲಗಡೆಯ ಕಿಟಕಿಯನ್ನೇ ಹಿಡಿಯುತ್ತಾನೆ. ಇಡೀ ಬಸ್ಸು ಎಡಕ್ಕಿರಬೇಕು, ಒಂದೊಂದು ತಲೆಯನ್ನೂ ಕಣ್ಣು ಹೋಗಿ ಹುಡುಕಿ ತರಬೇಕು. "ಯಾಕೋ ಯಪ್ಪಾ, ಹಂಗ್ಯಾಕ ನೋಡ್ತಿ?" ಎಂದು ಮುದುಕಿಯರು ಸೆರಗು ಎಳೆದುಕೊಂಡರೆ, "ನಿಮ್ಮನ್ನಲ್ಲವ್ವಾ, ಕಣ್ಣಿಗೆ ಕವಾಯತು ಮಾಡಸಾಕತ್ತೀನಿ," ಎನ್ನುತ್ತಾನೆ. "ಎಡಕ್ಕ ನಿಂತ ಗಿರಾಕಿ ಕಾಣದಿದ್ರ ಮನ್ಯಾಗ ಕುಂದರಬೇಕಾಗ್ತದ ನೋಡಪಾ," ಎಂದು ಮಾಲೀಕ ಕರೀಂಸಾಬರು ಎಚ್ಚರಿಸಿದ ಮೇಲಂತೂ ಬೇಕೆಂದೇ ಬಾಗಿಲನ್ನು ಎಡಕ್ಕಿಟ್ಟುಕೊಂಡು ಕೂರುತ್ತಾನೆ. ಗಿರಾಕಿ ಹೊಸ್ತಿಲು ದಾಟುವ ಮುನ್ನವೇ, "ಬರ್ರಿ ಅಕ್ಕಾರ, ಇಳಕಲ್ಲ ತೋರಸ್ಲೇನ್ರಿ?" ಎಂಬ ರಣಕಹಳೆ. ಸೀರೆ ಉಟ್ಟು ನಿಂತ ಪ್ಲಾಸ್ಟಿಕ್ ಗೊಂಬೆಗೂ ಒಮ್ಮೊಮ್ಮೆ ಅದೇ ಮರ್ಯಾದೆ; ಜೀವವಿರುವ ಗಿರಾಕಿಯೊಬ್ಬಳೂ ಇದುವರೆಗೆ ತಪ್ಪಿಸಿಕೊಂಡಿಲ್ಲ. ಕರೀಂಸಾಬರು ಗದರುವುದನ್ನು ಬಿಟ್ಟಿದ್ದಾರೆ. ಆದರೆ ನಿಜವಾದ ಕದನ ನಡೆಯುವುದು ಮನೆಯಲ್ಲಿ. ಊಟಕ್ಕೆ ಕೂತರೆ ಹೆಂಡತಿ ಜಯದೇವಿ ಎಡಕ್ಕೇ ಇರಬೇಕು. ಅಲ್ಲಿ ಅವಳು ಇದ್ದಲ್ಲೇ ಮಾಯವಾಗುತ್ತಾಳೆ. ತುತ್ತಿಗೊಮ್ಮೆ ದೌಲಪ್ಪ ಅವಳನ್ನು ಹುಡುಕಿ ತರುತ್ತಾನೆ. "ನಿಮ್ಮ ಕುತ್ತಿಗಿ ನೋಯ್ತದ, ಎದುರಿಗೆ ಬರ್ತೀನಿ ಬಿಡ್ರಿ," ಎಂದರೆ ಅವನು ಒಪ್ಪುವುದಿಲ್ಲ. "ಅಲ್ಲೇ ಕುಂದ್ರು. ಇಷ್ಟು ವರ್ಷ ಎದುರಿಗೇ ಇದ್ದಿ, ಒಂದಿನಾನೂ ನೋಡಿರಲಿಲ್ಲ."